ಮಾದರಿ ಕಾರಿನ ಬಣ್ಣ, ಡೀಕಲ್, ಚಕ್ರ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

1:24 ಅಳತೆಯ ಪ್ಲಾಸ್ಟಿಕ್ ಕಾರ್ ಕಿಟ್ಟನ್ನು ಪೆಟ್ಟಿಗೆಯ ಕಾಗದದಲ್ಲಿ ತೋರಿಸಿದಂತೆಯೇ ಜೋಡಿಸಿದರೆ ಕೆಡುವುದು ಕಡಿಮೆ. ಬಣ್ಣ ಬದಲಿಸಿ, ಸಸ್ಪೆನ್ಷನ್ ತಗ್ಗಿಸಿ, ಬೇರೆ ಚಕ್ರ ಹಾಕಿ, ಮಡ್‌ಗಾರ್ಡ್ ಅಗಲಿಸಿ ಅದನ್ನು ತನ್ನದೇ ಕಾರು ಮಾಡಿಕೊಳ್ಳಲು ಹೊರಟವರಿಗೆ ಮಾತ್ರ ಒಂದಲ್ಲ ಒಂದು ದೋಷ ಎದುರಾಗಿಯೇ ಆಗುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ‘ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತದೆ’ ಎಂದು ಡಬ್ಬಿ ಅಲ್ಲಾಡಿಸುವುದು. ಅದು ಮುಚ್ಚುವುದಿಲ್ಲ. 4.07 ಮೀಟರ್ ಉದ್ದದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಈ ಅಳತೆಯಲ್ಲಿ ಸುಮಾರು 17 ಸೆಂಟಿಮೀಟರಿಗೆ ಇಳಿಯುತ್ತದೆ. ಅದರ ಮೇಲೆ ಬಣ್ಣ 0.1 ಮಿಲಿಮೀಟರ್ ದಪ್ಪವಾದರೆ ನಿಜವಾದ ಕಾರಿಗೆ 2.4 ಮಿಲಿಮೀಟರ್ ದಪ್ಪ ಬಳಿದಂತಾಗುತ್ತದೆ. ಬಾಗಿಲಿನ ಸಂದು ತುಂಬಿಹೋಗಿ, ಬಾನೆಟ್ಟಿನ ಅಂಚು ಮೊಂಡಾಗಿ, ಕಾರು ಸಾಬೂನಿನ ಬಿಲ್ಲೆಯಂತೆ ಕಾಣತೊಡಗುತ್ತದೆ.

ದೋಷ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಯಾವಾಗ ಕಾಣಿಸಿಕೊಂಡಿತು ಎಂಬುದು ಕಾರಣವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ ಎಂಬುದು ಹಲವು ಬಾಡಿಗಳನ್ನು ಕೆಡಿಸಿಕೊಂಡ ಮೇಲೆ ನಾನು ಕಂಡುಕೊಂಡ ಮಾತು. ಬಣ್ಣ ಬಿದ್ದ ಕ್ಷಣದಲ್ಲೇ ಕಂಡದ್ದು ಮೇಲ್ಮೈಯ ಕೊಳೆ, ಕೆಲವು ನಿಮಿಷಗಳಲ್ಲಿ ಕಂಡದ್ದು ಹವೆ ಅಥವಾ ಥಿನ್ನರ್, ಮರುದಿನ ಕಂಡದ್ದು ಅಡಿಯ ಪದರ, ವಾರಗಳ ನಂತರ ಕಂಡದ್ದು ಒಣಗುವ ಮೊದಲೇ ಮಾಡಿದ ಅವಸರ. ಆದ್ದರಿಂದ ಈ ಕೈಪಿಡಿಯನ್ನು ಆ ಕಾಲಕ್ರಮದಲ್ಲೇ ಜೋಡಿಸಿದ್ದೇನೆ.

ಯಾವ ದೋಷಕ್ಕಾದರೂ ಮೊದಲು ಮಾಡಬೇಕಾದ್ದು

ಸಿಂಪಡಿಸುವುದನ್ನು ನಿಲ್ಲಿಸಿ. ಬೆರಳು ತಾಗಿಸಬೇಡಿ, ಒದ್ದೆ ಬಣ್ಣಕ್ಕೆ ಬಿದ್ದ ಬೆರಳಿನ ಗುರುತನ್ನು ತೆಗೆಯುವುದು ಮೂಲ ದೋಷವನ್ನು ತೆಗೆಯುವುದಕ್ಕಿಂತ ಕಷ್ಟ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಬಾಡಿಯ ಪಕ್ಕದಲ್ಲಿ ಬಹುತೇಕ ಮಲಗಿಸಿ ಹಿಡಿದು ನೋಡಿ; ಓರೆ ಬೆಳಕಿನಲ್ಲಿ ಕುಳಿ, ಉಬ್ಬು, ಗೆರೆಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಒಂದು ದಿನ ಕಳೆದ ಮೇಲೆ ಮೂಸಿ ನೋಡಿ. ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ಒಳಗಿನ ಥಿನ್ನರ್ ಹೊರಟಿಲ್ಲ, ಅಂದರೆ ಉಜ್ಜಲು ಕಾಲ ಬಂದಿಲ್ಲ. ಲ್ಯಾಕರ್ ಬಣ್ಣ ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ, ಎನಾಮೆಲ್ಲಿಗೆ ವಾರವಾದರೂ ಬೇಕು.

ಮುಂದೆ ಹೇಳುವ ಯಾವ ರಿಪೇರಿಯನ್ನೂ ನೇರವಾಗಿ ಬಾಡಿಯ ಮೇಲೆ ಮಾಡಬೇಡಿ. ಬಿಡಿಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಸ್ಪ್ರೂ ಚೌಕಟ್ಟು ಬಾಡಿಯದೇ ಬಗೆಯ ಪ್ಲಾಸ್ಟಿಕ್. ಪರೀಕ್ಷೆಗೆ ಅದಕ್ಕಿಂತ ಅಗ್ಗದ ವಸ್ತುವಿಲ್ಲ. ಬಾಡಿಯಷ್ಟೇ ಡೊಂಕಾದ ಮೈ ಬೇಕಿದ್ದರೆ ಐಸ್‌ಕ್ರೀಮ್ ಅಂಗಡಿಯ ಪ್ಲಾಸ್ಟಿಕ್ ಚಮಚ ಸಾಕು.

ಸುರಕ್ಷತೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಎನ್95 ಮುಖಗವಸು ಉಜ್ಜುವ ದೂಳನ್ನು ತಡೆಯುತ್ತದೆಯೇ ಹೊರತು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಬೇಕು. ಸ್ಪ್ರೇ ಕ್ಯಾನಿನ ಅನಿಲವೂ ಲ್ಯಾಕರ್ ಆವಿಯೂ ಹೊತ್ತಿಕೊಳ್ಳುವಂಥವು. ಅಡುಗೆಮನೆಯ ಒಲೆ, ದೇವರ ಮುಂದಿನ ದೀಪ, ಊದಿನಕಡ್ಡಿ, ನೀರು ಕಾಯಿಸುವ ಗ್ಯಾಸ್ ಗೀಸರ್, ಇವೆಲ್ಲ ಆರಿವೆಯೇ ಎಂದು ನೋಡಿಕೊಂಡೇ ಆರಂಭಿಸಬೇಕು. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಕೆಲಸ ಅಲ್ಲಿಗೇ ಬಿಟ್ಟು ಹೊರಗಾಳಿಗೆ ಹೋಗಿ. ಗಾಳಿಗೆ ಬಂದ ಮೇಲೂ ಕಡಿಮೆಯಾಗದಿದ್ದರೆ ಅಥವಾ ಉಸಿರು ಕಟ್ಟಿದಂತಾದರೆ ವೈದ್ಯರನ್ನು ಕಾಣಬೇಕು.

ಬಣ್ಣ ಬಿದ್ದ ಕೂಡಲೇ ಸಣ್ಣ ದುಂಡನೆಯ ಕುಳಿಗಳು ತೆರೆದುಕೊಳ್ಳುತ್ತವೆ

ಬಣ್ಣ ಒಂದು ಚುಕ್ಕೆಯಿಂದ ಸುತ್ತಲೂ ಹಿಂದೆ ಸರಿದು ಮೀನಿನ ಕಣ್ಣಿನಂಥ ಕುಳಿ ಉಂಟಾದರೆ ಅಲ್ಲಿ ಎಣ್ಣೆ ಅಥವಾ ಸಿಲಿಕೋನ್ ಇದೆ. ಅಚ್ಚಿನಿಂದ ಭಾಗ ಸುಲಭವಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಬಳಿದ ಜಿಡ್ಡು ಇರಬಹುದು. ಆದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ಹೆಚ್ಚು ಸಲ ಸಿಕ್ಕಿಬೀಳುವುದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಒಗ್ಗರಣೆಯ ಹೊಗೆ, ಮತ್ತು ನಿಜವಾದ ಕಾರಿನ ಡ್ಯಾಶ್‌ಬೋರ್ಡಿಗೆ ಉಜ್ಜುವ ಪಾಲಿಶ್. ಕೂದಲನ್ನು ಸವರಿದ ಕೈಯಲ್ಲೇ ಬಾಡಿಯನ್ನು ಎತ್ತಿಕೊಂಡದ್ದು ನೆನಪಿಗೆ ಬರುವುದು ಕುಳಿ ಕಂಡ ಮೇಲೆಯೇ.

ಬಣ್ಣ ಪೂರ್ತಿ ಒಣಗಲು ಬಿಟ್ಟು, 1500 ಅಥವಾ 2000 ನಂಬರಿನ ವಾಟರ್ ಪೇಪರಿನಿಂದ ಕುಳಿಯ ಅಂಚನ್ನು ನೀರು ಮುಟ್ಟಿಸಿ ಉಜ್ಜಿ, ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಉಜ್ಜಿದ ಮೈಮೇಲೆ ನೀರು ಸುರಿದಾಗ ಒಂದು ಜಾಗದಲ್ಲಿ ಮಾತ್ರ ನೀರು ನಿಲ್ಲದೆ ಜಾರಿಕೊಂಡರೆ ಜಿಡ್ಡು ಇನ್ನೂ ಅಲ್ಲಿದೆ ಎಂದೇ ಅರ್ಥ. ತೊಳೆದ ಮೇಲೆ ಬಾಡಿಯನ್ನು ಒಳಗಿನಿಂದ ಒಂದು ಕಡ್ಡಿಗೋ ಹಳೆಯ ಡಬ್ಬಿಗೋ ಸಿಕ್ಕಿಸಿ ಹಿಡಿಯಬೇಕು.

ಕುಳಿಯ ಬದಲು ನೀರಿನ ಹನಿ ಸಿಡಿದಂಥ ಗುರುತು ಕಂಡರೆ ಜಿಡ್ಡನ್ನು ಅನುಮಾನಿಸಬೇಕಿಲ್ಲ. ಏರ್‌ಬ್ರಶ್ಶಿಗೆ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಗಾಳಿ ಕೊಡುವ ಕಂಪ್ರೆಸರಿನಲ್ಲಿ ನೀರು ಸೇರಿದೆ; ತೇವ ಹಿಡಿಯುವ ಬಟ್ಟಲನ್ನೂ ಟ್ಯಾಂಕನ್ನೂ ಖಾಲಿ ಮಾಡಿ. ಮಳೆಗಾಲದಲ್ಲಿ ಇದನ್ನು ಪ್ರತಿ ಸಲವೂ ಮಾಡಬೇಕಾಗುತ್ತದೆ.

ಹೊಳೆಯಬೇಕಾದ ಬಣ್ಣ ಹಾಲು ಹೊಯ್ದಂತೆ ಮಂಕಾಗುತ್ತದೆ

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ, ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಕಡುನೀಲಿ ಬಾಡಿಯ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಮೇಲ್ಪದರ, ಹೊಡೆದು ತಟ್ಟೆ ಮುಚ್ಚಿಟ್ಟೆ. ಹತ್ತು ನಿಮಿಷ ಬಿಟ್ಟು ತಟ್ಟೆ ಎತ್ತಿದರೆ ಛಾವಣಿಯ ಮೇಲೆ ಮೊದಲು ಬೂದಿಯಂಥ ಮಬ್ಬು ಇತ್ತು. ನೋಡುತ್ತಿದ್ದಂತೆ ಅದು ಬಾನೆಟ್ಟಿಗೂ ಹಬ್ಬಿ, ಅಂಚುಗಳಲ್ಲಿ ಮಾತ್ರ ನೀಲಿ ಉಳಿಯಿತು. ಬಣ್ಣ ಹಾಳಾಯಿತೆಂದು ಆಗ ತಿಳಿದುಕೊಂಡಿದ್ದೆ. ಹಾಳಾಗಿರಲಿಲ್ಲ, ನೀರು ಸಿಕ್ಕಿಕೊಂಡಿತ್ತು.

ಲ್ಯಾಕರಿನ ಥಿನ್ನರ್ ಬೇಗ ಹಾರುವಾಗ ಮೇಲ್ಮೈಯ ಬಿಸಿಯನ್ನೂ ಹೊತ್ತೊಯ್ಯುತ್ತದೆ. ತಣ್ಣಗಾದ ಮೇಲ್ಮೈಗೆ ಗಾಳಿಯ ತೇವ ಇಳಿದು, ತಂಪು ಪಾನೀಯದ ಬಾಟಲಿಯ ಮೇಲೆ ಹನಿಗಟ್ಟುವಂತೆ ಬಣ್ಣದ ಪದರದೊಳಗೇ ಸಿಕ್ಕಿಬೀಳುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 70 ಶೇಕಡಾ ದಾಟಿದ ಮೇಲೆ ಈ ಅಪಾಯ ಏರುತ್ತಾ ಹೋಗುತ್ತದೆ. ಬೆಂಗಳೂರಿನ ಮಳೆಗಾಲದ ಬೆಳಗುಗಳಲ್ಲಿ ಈ ಅಂಕಿ ಸಲೀಸಾಗಿ ದಾಟುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಹವೆಯ ದಿನವೇ ವಿರಳ.

ಖರ್ಚಿಲ್ಲದ ಉಪಾಯ ಕಾಯುವುದು. ತೆಳುವಾದ ಮಬ್ಬು ಒಂದೆರಡು ದಿನಗಳಲ್ಲಿ ತಾನಾಗಿಯೇ ಹೋಗುವುದುಂಟು. ಹೋಗದಿದ್ದರೆ, ಮಳೆ ಬಿಟ್ಟ ದಿನ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ, ತೇವ ಅತ್ಯಂತ ಕಡಿಮೆ ಇರುವ ಹೊತ್ತಿನಲ್ಲಿ, ಅದೇ ಕಂಪನಿಯ ನಿಧಾನವಾಗಿ ಹಾರುವ ಲೆವೆಲಿಂಗ್ ಥಿನ್ನರನ್ನು ಮಾತ್ರ ಏರ್‌ಬ್ರಶ್ಶಿನಲ್ಲಿ ಹಾಕಿ ಮಂಜಿನಷ್ಟು ತೆಳುವಾಗಿ ಸಿಂಪಡಿಸಿ. ಮೇಲ್ಪದರ ಮತ್ತೆ ಮೆತ್ತಗಾಗಿ ತೇವವನ್ನು ಬಿಟ್ಟುಕೊಡುತ್ತದೆ, ಬಣ್ಣ ಕಣ್ಣೆದುರೇ ಆಳವಾಗುತ್ತದೆ. ಸಿಂಪಡಿಸಿದ ಥಿನ್ನರ್ ಒದ್ದೆಯಾಗಿ ಹೊಳೆಯುವಷ್ಟಾದರೆ ಕೈ ಹೆಚ್ಚಾಯಿತು. ಅಂಚುಗಳಿಂದ ಬಣ್ಣ ಜಾರುತ್ತದೆ. ಏರ್‌ಬ್ರಶ್ ಇಲ್ಲದವರು ಅದೇ ಕ್ಲಿಯರ್ ಕ್ಯಾನಿನಿಂದ ಒಣಹವೆಯಲ್ಲಿ ಇನ್ನೊಂದು ತೆಳು ಕೋಟ್ ಹೊಡೆಯಬಹುದು. ಮತ್ತೊಂದು ಕೋಟ್ ನಿಜವಾಗಿ ದೋಷವನ್ನು ಕಳೆಯುವ ಸಂದರ್ಭ ಬಹುಶಃ ಇದೊಂದೇ. ಆರ್ದ್ರತೆ ತೋರಿಸುವ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ; ಒಂದು ಕ್ಯಾನಿನ ಬೆಲೆಗಿಂತ ಅದು ಕಡಿಮೆಯೇ.

ಮೈಯೆಲ್ಲ ಕಿತ್ತಳೆ ಸಿಪ್ಪೆಯಂತಾಗಿದೆ, ಅಥವಾ ಬಣ್ಣ ಇಳಿದು ನಿಂತಿದೆ

ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಬಣ್ಣದ ಹನಿ ಮೈಮೇಲೆ ಬಿದ್ದು ಹರಡಿಕೊಳ್ಳುವ ಮೊದಲೇ ಒಣಗಿದರೆ ಕಿತ್ತಳೆ ಸಿಪ್ಪೆ. ಬೇಕಾದ್ದಕ್ಕಿಂತ ಹೆಚ್ಚು ಬಿದ್ದರೆ ಇಳಿತ. ಬಣ್ಣ ದಪ್ಪಗಿದೆಯೇ ಎಂದು ಮೊದಲು ನೋಡಿ: ಬಟ್ಟಲಿನ ಗೋಡೆಗೆ ತಾಗಿಸಿದರೆ ಹಾಲಿನ ಹದದಲ್ಲಿ ಜಾರಿ, ತೆಳುವಾದ ಪೊರೆಯನ್ನು ಬಿಟ್ಟುಹೋಗಬೇಕು. ಆಮೇಲೆ ದೂರ: ಏರ್‌ಬ್ರಶ್ಶಿಗೆ 10ರಿಂದ 15 ಸೆಂಟಿಮೀಟರ್, ಕ್ಯಾನಿಗೆ 20ರಿಂದ 25. ಏರ್‌ಬ್ರಶ್ಶಿನ ಒತ್ತಡ 15ರಿಂದ 20 ಪಿಎಸ್‌ಐ ಇದ್ದರೆ ಸಾಕು. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಕೂತು ಹೊಡೆಯುವವರಿಗೆ ಇವೆಲ್ಲ ಸರಿಯಿದ್ದರೂ ಸಿಪ್ಪೆ ಏಳಬಹುದು. ಅವರು ಬೆಳಗಿನ ತಂಪು ಹೊತ್ತನ್ನೇ ಆರಿಸಿಕೊಳ್ಳಬೇಕು.

ಕ್ಯಾನ್ ತಣ್ಣಗಿದ್ದರೆ ಹನಿ ದಪ್ಪವಾಗಿ ಬೀಳುತ್ತದೆ. ಸುಮಾರು 40 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಸಾಕು. ಒಲೆಯ ಮೇಲೆ, ಕುದಿಯುವ ನೀರಿನಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕ್ಯಾನ್ ಇಡುವುದು ಬಾಂಬು ಇಟ್ಟಂತೆಯೇ ಸರಿ.

ಗಟ್ಟಿಯಾದ ಸಿಪ್ಪೆಯನ್ನು 2000, ಆಮೇಲೆ 3000 ನಂಬರಿನ ವಾಟರ್ ಪೇಪರಿನಿಂದ ನೀರಿನಲ್ಲಿ ಉಜ್ಜಿ, ಕೊನೆಗೆ ಪಾಲಿಶಿಂಗ್ ಕಾಂಪೌಂಡಿನಿಂದ ಹೊಳಪು ತರಬಹುದು. ಮಡ್‌ಗಾರ್ಡಿನ ಏಣು, ಬಾಗಿಲಿನ ಅಂಚು, ಛಾವಣಿಯ ಗೆರೆಗಳ ಮೇಲೆ ಬಣ್ಣ ಯಾವಾಗಲೂ ತೆಳ್ಳಗಿರುತ್ತದೆ. ಅಲ್ಲಿಗೆ ಸಣ್ಣ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು ಸಪಾಟು ಭಾಗವನ್ನಷ್ಟೇ ಉಜ್ಜಿ. ಉಜ್ಜುವ ನೀರಿನಲ್ಲಿ ಕ್ಲಿಯರಿನ ಬಿಳಿಯ ಬದಲು ಕಾರಿನ ಬಣ್ಣ ಕಾಣಿಸಿತೆಂದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ಲೋಹದ ಹೊಳಪಿನ ಬಣ್ಣವಾದರೆ ಬಣ್ಣದ ಪದರವನ್ನು ಉಜ್ಜಲೇಬಾರದು. ಒಳಗಿನ ಚೂರುಗಳು ತುಂಡಾಗಿ ಮಚ್ಚೆ ಬೀಳುತ್ತದೆ. ಕ್ಲಿಯರ್ ಹೊಡೆದ ಮೇಲಷ್ಟೇ ಉಜ್ಜಿ.

ದೂಳಿನ ಕಣ ಕೂತಿದ್ದರೆ ಹೆಚ್ಚು ಹೇಳುವುದೇನೂ ಇಲ್ಲ. ಒದ್ದೆಯಿದ್ದಾಗ ಚಿಮುಟದಿಂದ ಕೀಳಲು ಹೋಗಬೇಡಿ, ಒಣಗಿದ ಮೇಲೆ ಇದೇ ರೀತಿ ಉಜ್ಜಿ ತೆಗೆಯಿರಿ.

ಬಣ್ಣ ಸುಕ್ಕುಗಟ್ಟಿದೆ, ಅಥವಾ ಕೆರೆ ಬತ್ತಿದಂತೆ ಬಿರುಕು ಬಿಟ್ಟಿದೆ

ಇಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಒಡೆದದ್ದು ಬಣ್ಣವೋ ಪ್ಲಾಸ್ಟಿಕ್ಕೋ ಎಂಬುದು. ಕಾಣದ ಒಳಬದಿಯಲ್ಲೂ ಅದೇ ಬಗೆಯ ಬಿರುಕು ಇದ್ದರೆ ಅಥವಾ ಬಣ್ಣ ಉಜ್ಜಿ ತೆಗೆದ ಮೇಲೂ ಜಾಲ ಉಳಿದರೆ ಪ್ಲಾಸ್ಟಿಕ್ಕೇ ಕರಗಿದೆ. ಆಗ ಬಣ್ಣದಿಂದ ಸರಿಪಡಿಸುವ ದಾರಿ ಮುಗಿಯಿತು.

ಬಣ್ಣ ಮಾತ್ರ ಸುಕ್ಕಾಗಿದ್ದರೆ ಪದರಗಳ ಕ್ರಮ ತಪ್ಪಿದೆ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಲ್ಯಾಕರಿನ ತೀಕ್ಷ್ಣ ಥಿನ್ನರ್ ಅಡಿಯ ಪದರವನ್ನು ಉಬ್ಬಿಸುತ್ತದೆ. ಚೆನ್ನಾಗಿ ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ಅಥವಾ ನೀರಿನ ಅಕ್ರಿಲಿಕ್ ಹಚ್ಚಿದರೆ ಏನೂ ಆಗುವುದಿಲ್ಲ. ಎರಡು ಕೋಟ್‌ಗಳ ನಡುವೆ ಅರ್ಧಂಬರ್ಧ ಒಣಗಲು ಬಿಟ್ಟರೂ ಇದೇ ಸುಕ್ಕು ಬರುತ್ತದೆ.

ಪ್ಲಾಸ್ಟಿಕ್ ಕರಗುವುದಕ್ಕೆ ನಮ್ಮ ಊರುಗಳಲ್ಲಿ ಸಾಮಾನ್ಯ ಕಾರಣ ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್. ಬಣ್ಣದ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ, ಲೋಹದ ಮೇಲೆ ಡುಕೋ ಹೊಡೆಯಲು ಒಳ್ಳೆಯದು. ಆದರೆ ಕಿಟ್ಟಿನ ಪಾಲಿಸ್ಟೈರೀನಿಗೆ ಅದು ವಿಷ. ಏರ್‌ಬ್ರಶ್ ತೊಳೆಯಲು ಬಳಸಿ, ಬಾಡಿಗೆ ತಾಗಿಸಬೇಡಿ. ಎರಡನೆಯ ಕಾರಣ ತಪ್ಪು ಕ್ಯಾನ್. ತಮಿಯಾದ ಟಿಎಸ್ ಸಾಲಿನ ಕ್ಯಾನ್‌ಗಳು ಪಾಲಿಸ್ಟೈರೀನ್ ಕಿಟ್ಟುಗಳಿಗೆಂದು ಮಾಡಿದವು, ಪಿಎಸ್ ಸಾಲು ರಿಮೋಟ್ ಕಂಟ್ರೋಲ್ ಕಾರುಗಳ ಪಾಲಿಕಾರ್ಬೊನೇಟ್ ಬಾಡಿಗೆ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಕಪಾಟಿನಲ್ಲಿ ಅಕ್ಕಪಕ್ಕ. ಕೊಳ್ಳುವಾಗ ಓದಿ ಕೊಳ್ಳಬೇಕು.

ಮೂರನೆಯದು ಮೋಸಗಾರ ದೋಷ: ಬಣ್ಣವೆಲ್ಲ ಚೆನ್ನಾಗಿ ಬಂದಿರುತ್ತದೆ, ಸಂದುಗಳಿಗೆ ಎನಾಮೆಲ್ಲಿನ ಕಪ್ಪು ತೆಳುನೀರು ಬಿಟ್ಟ ಮೇಲೆ ಸಸ್ಪೆನ್ಷನ್ನಿನ ತೋಳು ಅಥವಾ ಒತ್ತಿ ಕೂರಿಸಿದ ಗೂಟ ಪಟ್ಟೆಂದು ಮುರಿಯುತ್ತದೆ. ಬಿಗಿದು ನಿಂತ ಬರಿ ಪ್ಲಾಸ್ಟಿಕ್ಕಿನೊಳಗೆ ಎನಾಮೆಲ್ ಥಿನ್ನರ್ ಇಳಿದು ಅದನ್ನು ಸೀಳಿಬಿಡುತ್ತದೆ. ಅಂಥ ಜಾಗಗಳಿಗೆ ಮೊದಲು ಕ್ಲಿಯರ್ ಹೊಡೆದು ಮುಚ್ಚಿ, ತೆಳುನೀರನ್ನು ತೊಟ್ಟಿನಷ್ಟೇ ಬಿಡಿ.

ಬಿಳಿ ಕಾರು ಮರುದಿನ ಗುಲಾಬಿಯಾಗಿದೆ

ಬಾಡಿಯ ಪ್ಲಾಸ್ಟಿಕ್ ಕೆಂಪು ಅಥವಾ ಕಡುಗೆಂಪು ಬಣ್ಣದ್ದಾಗಿದ್ದರೆ ಅದರೊಳಗಿನ ಬಣ್ಣದ ಕಣ ಲ್ಯಾಕರಿನ ಥಿನ್ನರಿನಲ್ಲಿ ಕರಗಿ ಮೇಲೇರುತ್ತದೆ. ಎಷ್ಟು ಬಿಳಿ ಹೊಡೆದರೂ ಪ್ರತಿ ಕೋಟ್ ಅದನ್ನು ಇನ್ನಷ್ಟು ಎಳೆದುಕೊಳ್ಳುವುದೇ ಹೊರತು ಮುಚ್ಚುವುದಿಲ್ಲ. ಪರೀಕ್ಷೆ ಸರಳ: ಬಣ್ಣ ಆರಂಭಿಸುವ ಹಿಂದಿನ ರಾತ್ರಿ ಸ್ಪ್ರೂವಿನ ಮೇಲೆ ಬಿಳಿ ಹೊಡೆದಿಡಿ, ಬೆಳಿಗ್ಗೆ ಬಿಳಿ ಕಾಗದದ ಪಕ್ಕದಲ್ಲಿಟ್ಟು ನೋಡಿ. ಗುಲಾಬಿ ಕಂಡರೆ ಪ್ರೈಮರಿನ ಮೇಲೆ ಅಲ್ಯೂಮಿನಿಯಂ ಬೆಳ್ಳಿ ಬಣ್ಣದ ಒಂದು ತೆಳು ಕೋಟ್ ತಡೆಗೋಡೆಯಾಗಿ ಬೇಕು, ಅದರ ಮೇಲೆ ಬಿಳಿ. ಈಗಾಗಲೇ ಗುಲಾಬಿಯಾಗಿರುವ ಬಾಡಿಗೂ, ಚೆನ್ನಾಗಿ ಒಣಗಿಸಿ ಉಜ್ಜಿದ ಮೇಲೆ ಇದೇ ಚಿಕಿತ್ಸೆ.

ಪುಟ್ಟಿ ಹಾಕಿ ಮುಚ್ಚಿದ ಜಾಗ ವಾರದ ಮೇಲೆ ಮತ್ತೆ ಕಾಣಿಸಿಕೊಂಡಿದೆ

ಕಸ್ಟಮ್ ಮಾಡುವವರ ನಿತ್ಯದ ಗೋಳು ಇದು. ಮಡ್‌ಗಾರ್ಡ್ ಅಗಲಿಸಿದ್ದೀರಿ, ಬಾಗಿಲಿನ ಹಿಡಿ ಕೆತ್ತಿ ಸಪಾಟು ಮಾಡಿದ್ದೀರಿ, ಪ್ರೈಮರಿನಲ್ಲಿ ಏನೂ ಕಾಣಲಿಲ್ಲ. ಹೊಳಪಿನ ಬಣ್ಣ ಬಿದ್ದು ಎಂಟು ದಿನವಾದ ಮೇಲೆ ಪುಟ್ಟಿಯ ಅಂಚು ಭೂಪಟದ ಗಡಿಯಂತೆ ಮೂಡುತ್ತದೆ. ಟ್ಯೂಬಿನಲ್ಲಿ ಬರುವ ಒಂದೇ ಭಾಗದ ಪುಟ್ಟಿ ಥಿನ್ನರ್ ಹಾರಿದಂತೆಲ್ಲ ಕುಗ್ಗುತ್ತದೆ. ಮೇಲೆ ಒಣಗಿದರೂ ಒಳಗೆ ಒಣಗಿರುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ಆಳವಾದ ಕಡೆ ಅದನ್ನು ಒಮ್ಮೆಲೇ ತುಂಬಬೇಡಿ. ಆಳವಾದ ಭರ್ತಿಗೆ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಮೇಲು, ಅದು ಥಿನ್ನರ್ ಹಾರಿ ಗಟ್ಟಿಯಾಗುವಂಥದ್ದಲ್ಲ. ನಲ್ಲಿ ಸೋರಿಕೆಗೆ ಬಳಸುವ ಬಗೆಯೂ ಒಳಬದಿಯ ಆಸರೆಗೆ ಆಗುತ್ತದೆ, ಹೊರಮೈಗೆ ಮಾತ್ರ ಒರಟು.

ಗಡಿ ಎಷ್ಟು ಮೂಡಿದೆ ಎಂದು ಉಗುರಿನಿಂದ ಸವರಿ ನೋಡಿ. ಉಗುರಿಗೆ ತಾಗದೆ ಕಣ್ಣಿಗೆ ಮಾತ್ರ ಕಂಡರೆ ಇನ್ನೂ ಎರಡು ವಾರ ಬಿಟ್ಟು, ಉಜ್ಜಿ, ಕ್ಲಿಯರ್ ಹೊಡೆದರೆ ಮುಗಿಯಿತು. ಉಗುರಿಗೆ ತಾಗಿದರೆ ಆ ಫಲಕದ ಬಣ್ಣವನ್ನು ಪುಟ್ಟಿಯವರೆಗೂ ಇಳಿಸಬೇಕಾಗುತ್ತದೆ. ಪುಟ್ಟಿಯನ್ನು ನೀರು ಮುಟ್ಟಿಸಿಯೇ ಉಜ್ಜಿ. ಒಣ ದೂಳು ಶ್ವಾಸಕೋಶಕ್ಕೂ ಹೋಗುತ್ತದೆ, ಮುಂದಿನ ಕೋಟ್ ಮೇಲೂ ಕೂರುತ್ತದೆ.

ಬಣ್ಣ ಪೂರ್ತಿ ತೆಗೆಯಬೇಕಾಗಿ ಬಂದರೆ

ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಮುಚ್ಚಳವಿರುವ ಡಬ್ಬಿಯಲ್ಲಿ ಬಾಡಿಯನ್ನು ಮುಳುಗಿಸಿ, ಅರ್ಧ ಗಂಟೆಗೊಮ್ಮೆ ಬ್ರಶ್ಶಿನಿಂದ ಉಜ್ಜಿ ನೋಡಿ. ಅಕ್ರಿಲಿಕ್ ಬೇಗ ಬಿಡುತ್ತದೆ, ಲ್ಯಾಕರಿಗೆ ರಾತ್ರಿಯಿಡೀ ಬೇಕಾಗಬಹುದು. ಸ್ಪ್ರೂ ಚೂರೊಂದನ್ನು ಜೊತೆಗೇ ಮುಳುಗಿಸಿಟ್ಟು, ಅದು ಗರಿಗರಿಯಾಗಿ ಮುರಿಯತೊಡಗಿದರೆ ಬಾಡಿಯನ್ನು ಹೊರತೆಗೆಯಿರಿ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಬೇಡವೇ ಬೇಡ. ನಿಮಿಷದಲ್ಲಿ ಬಾಡಿ ಅಂಟಿನ ಮುದ್ದೆಯಾಗುತ್ತದೆ. ಬ್ರೇಕ್ ಆಯಿಲ್ ಬಣ್ಣ ಬಿಡಿಸುತ್ತದೆ ಎನ್ನುವುದು ನಿಜವಾದರೂ ಚರ್ಮಕ್ಕೂ ಮೋರಿಗೂ ಒಳ್ಳೆಯದಲ್ಲವಾದ್ದರಿಂದ ನಾನು ಬಳಸುವುದಿಲ್ಲ.

ಪರಿಚಯದ ಗ್ಯಾರೇಜಿನವರು ‘ಕೊಡಿ ಸಾರ್, ನಮ್ಮ ಎರಡು ಭಾಗದ ಕ್ಲಿಯರ್ ಹೊಡೆದುಕೊಡುತ್ತೇವೆ’ ಎನ್ನುವುದುಂಟು. ಗಟ್ಟಿಕಾರಕ ಬೆರೆಸುವ ಆ ಕ್ಲಿಯರಿನಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ಉಸಿರು ಅದಕ್ಕೆ ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣಕ್ಕೂ ದಮ್ಮು ಏಳಬಹುದು. ಹೊರಗಾಳಿ ಪೂರೈಸುವ ಮುಖಗವಸು ಇರುವ ಬೂತಿನಲ್ಲಿ ಅವರೇ ಹೊಡೆದರೆ ಹೊಡೆಯಲಿ, ಮನೆಗೆ ಆ ಡಬ್ಬಿ ತರಬೇಡಿ. ಅದಕ್ಕೂ ಮೊದಲು ಸ್ಪ್ರೂ ಮೇಲೆ ಹೊಡೆಸಿ ನೋಡಲು ಮರೆಯಬೇಡಿ. ಪ್ಲಾಸ್ಟಿಕ್ಕೇ ಸುಟ್ಟು ಹೋಗಿದ್ದರೆ ತಯಾರಕರಿಂದ ಬಾಡಿಯೊಂದನ್ನೇ ಬಿಡಿಭಾಗವಾಗಿ ತರಿಸಲು ಆಗುತ್ತದೆಯೇ ಎಂದು ವಿಚಾರಿಸುವುದು ಲೇಸು.

ಡೀಕಲ್ಲಿನ ಸುತ್ತ ಬೆಳ್ಳಿಯಂಥ ಹೊಳಪು, ಅಥವಾ ಸುಕ್ಕು

ಡೀಕಲ್ ಎಂದರೆ ನೀರಿನಲ್ಲಿ ನೆನೆಸಿ ಬಾಡಿಗೆ ಅಂಟಿಸುವ ಚಿತ್ರ ಅಥವಾ ಅಕ್ಷರದ ತೆಳು ಪೊರೆ. ಅದರ ಪಾರದರ್ಶಕ ಭಾಗ ಓರೆ ಬೆಳಕಿನಲ್ಲಿ ಬೆಳ್ಳಗೆ ಮಿನುಗಿದರೆ ಅದರಡಿ ಗಾಳಿ ಇದೆ. ಒರಟು ಮೇಲ್ಮೈಯ ಸಣ್ಣ ತಗ್ಗುಗಳಲ್ಲಿ ಗಾಳಿ ಉಳಿದುಬಿಡುವುದರಿಂದ ಮ್ಯಾಟ್ ಬಣ್ಣದ ಮೇಲೆ ಇದು ಹೆಚ್ಚು. ಸೂಜಿಯಿಂದ ಎರಡು ಮೂರು ಕಡೆ ಚುಚ್ಚಿ, ಮೈಕ್ರೋ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್‌ನಂಥ ಮೆತುಗೊಳಿಸುವ ದ್ರವವನ್ನು ಒಂದು ತೊಟ್ಟು ಬಿಟ್ಟು, ಮುಟ್ಟದೆ ಹಾಗೆಯೇ ಬಿಡಿ. ಡೀಕಲ್ ಮೊದಲು ಭಯ ಹುಟ್ಟಿಸುವಷ್ಟು ಸುಕ್ಕಾಗುತ್ತದೆ, ಆಮೇಲೆ ತಾನಾಗಿ ಚಪ್ಪಟೆಯಾಗುತ್ತದೆ. ಸುಕ್ಕಾದ ಗಳಿಗೆಯಲ್ಲಿ ಗಾಬರಿಯಿಂದ ಬೆರಳಿಟ್ಟವರ ಡೀಕಲ್ ಹರಿದಿದೆ, ಕಾದವರದು ಕೂತಿದೆ. ಒಣಗಿದ ಮೇಲೂ ಸುಕ್ಕು ಉಳಿದರೆ ಇನ್ನೊಂದು ಸುತ್ತು ಪ್ರಯತ್ನಿಸಿ.

ಹಳೆಯ ಕಿಟ್ಟಿನ ಡೀಕಲ್ ನೀರಿಗೆ ಬಿದ್ದೊಡನೆ ಚೂರಾಗುವ ಸಂಭವ ಹೆಚ್ಚು. ಹಾಳೆಯಲ್ಲಿ ಬೇಡದ ಒಂದು ಸಣ್ಣ ಅಕ್ಷರವನ್ನು ಮೊದಲು ನೆನೆಸಿ ನೋಡಿ. ಅದು ಒಡೆದರೆ ಇಡೀ ಹಾಳೆಗೆ ಕ್ಲಿಯರ್ ಹೊಡೆದು, ಒಣಗಿಸಿ, ಪ್ರತಿಯೊಂದನ್ನೂ ಅಂಚಿಗೆ ಹತ್ತಿರ ಕತ್ತರಿಸಿ ಬಳಸಬೇಕು. ಹಳದಿಗಟ್ಟಿದ ಹಾಳೆಯನ್ನು ಕಿಟಕಿಯ ಗಾಜಿಗೆ ಬಿಸಿಲಿನತ್ತ ಮುಖಮಾಡಿ ಕೆಲವು ದಿನ ಅಂಟಿಸಿಟ್ಟರೆ ಬೆಳ್ಳಗಾಗುತ್ತದೆ.

ಕ್ರೋಮ್ ಬಂಪರ್ ಅಂಟುವುದಿಲ್ಲ. ಗಾಜಿಗೆ ಮಂಜು ಹಿಡಿದಿದೆ

ಕಿಟ್ಟಿನ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಕ್ರೋಮ್ ಎಂದು ಕಾಣುವುದು ಅಲ್ಯೂಮಿನಿಯಮ್ಮಿನ ಅತಿ ತೆಳು ಪೊರೆ, ಅದನ್ನು ಅಂಟು ಕರಗಿಸಲಾರದು. ಅಂಟುವ ಜಾಗದ ಪೊರೆಯನ್ನು ಚಾಕುವಿನಿಂದ ಕೆರೆದರೆ ಸಾಕು. ಪೂರ್ತಿ ಕ್ರೋಮ್ ತೆಗೆಯಲು ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ದ್ರವದಲ್ಲಿ ನೆನೆಸಬಹುದು. ಶೌಚಾಲಯ ತೊಳೆಯುವ ಆಮ್ಲ ಅಥವಾ ಅಮೋನಿಯಾ ಇರುವ ಗಾಜು ಒರೆಸುವ ದ್ರವ ಅದಕ್ಕೆ ಎಂದೂ ಬೆರೆಯಬಾರದು, ವಿಷಾನಿಲ ಏಳುತ್ತದೆ.

ಗಾಜಿನ ಮಂಜಿಗೆ ಕಾರಣ ಸೂಪರ್ ಗ್ಲೂ ಆವಿ. ತೆಳುವಾಗಿದ್ದರೆ ಪಾಲಿಶಿಂಗ್ ಕಾಂಪೌಂಡಿಗೆ ಹೋಗುತ್ತದೆ. ಮುಂದಿನ ಸಲ ಗಾಜನ್ನು ಫೆವಿಕಾಲ್‌ನಂಥ ಬಿಳಿ ಅಂಟಿನಿಂದ ಕೂರಿಸಿ. ಒಣಗಿದರೆ ಬಹುತೇಕ ಕಾಣುವುದಿಲ್ಲ, ತಪ್ಪಿದರೆ ನೀರಿನಲ್ಲಿ ಒರೆಸಬಹುದು. ಸೂಪರ್ ಗ್ಲೂವನ್ನು ಹತ್ತಿಯಿಂದ ಒರೆಸಬೇಡಿ, ಹತ್ತಿ ತಾಗಿದರೆ ಅದು ಸುಡುವಷ್ಟು ಬಿಸಿಯಾಗುತ್ತದೆ. ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಎಳೆಯದೆ ನೀರು ಹಾಕುತ್ತಾ ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.

ಕಾರು ಮೂರೇ ಚಕ್ರದ ಮೇಲೆ ನಿಂತಿದೆ

ಸಸ್ಪೆನ್ಷನ್ ತಗ್ಗಿಸಿದ ಕಾರುಗಳಲ್ಲಿ ನೂರಕ್ಕೆ ನೂರು ನೋಡಬೇಕಾದ ಲಕ್ಷಣ ಇದು. ಮೇಜನ್ನು ನಂಬಬೇಡಿ, ಗೋಡೆಯ ಕನ್ನಡಿಯೊಂದನ್ನು ಮಲಗಿಸಿ ಅದರ ಮೇಲೆ ಕಾರನ್ನಿಡಿ. ಪತ್ರಿಕೆಯ ಕಾಗದದಿಂದ ಬೆರಳಗಲದ ನಾಲ್ಕು ಪಟ್ಟಿ ಕತ್ತರಿಸಿ ಪ್ರತಿ ಟಯರಿನ ಕೆಳಗೂ ಒಂದೊಂದನ್ನು ಇಟ್ಟು ಮೆಲ್ಲಗೆ ಎಳೆಯಿರಿ. ಮೂರು ಪಟ್ಟಿಗಳು ಬಿಗಿಯಾಗಿ ಹಿಡಿದುಕೊಂಡು, ನಾಲ್ಕನೆಯದು ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಬಂದರೆ ತೇಲುತ್ತಿರುವ ಚಕ್ರ ಅದೇ. ಆದರೆ ತಪ್ಪು ಅದರದ್ದೇ ಎಂದು ತೀರ್ಮಾನಿಸಬೇಡಿ. ಪಕ್ಕದ ಚಕ್ರ ಕೆಳಗೆ ಜೋತುಬಿದ್ದು ಇದನ್ನು ಎತ್ತಿ ಹಿಡಿದಿರಬಹುದು.

ಮುಂದಿನ ಹೆಜ್ಜೆ ಬಾಡಿಯನ್ನು ಕಳಚಿ, ಚಾಸಿಯನ್ನು ಮಾತ್ರ ಕನ್ನಡಿಯ ಮೇಲಿಟ್ಟು ಅದೇ ಪಟ್ಟಿ ಪರೀಕ್ಷೆ ಮಾಡುವುದು. ಈಗ ನಾಲ್ಕೂ ಹಿಡಿದುಕೊಂಡರೆ ಚಾಸಿ ಸರಿಯಿದೆ, ಬಾಡಿ ಅದನ್ನು ಎಲ್ಲೋ ಒತ್ತಿ ತಿರುಚುತ್ತಿದೆ. ಒಳಗಿನ ಸೀಟಿನ ತೊಟ್ಟಿ ಡ್ಯಾಶ್‌ಬೋರ್ಡಿಗೆ ತಾಗುತ್ತಿದೆಯೇ, ಒಳಬದಿಗೆ ಬಳಿದ ಬಣ್ಣ ಗೂಟದ ತೂತನ್ನು ಕಿರಿದು ಮಾಡಿದೆಯೇ ನೋಡಿ. ಬಾಡಿ ಇಲ್ಲದೆಯೂ ತೇಲಿದರೆ ಚಕ್ರಗಳನ್ನು ಅದಲುಬದಲು ಮಾಡಿ. ದೋಷ ಚಕ್ರದೊಂದಿಗೇ ಹೋದರೆ ಟಯರ್ ಸರಿಯಾಗಿ ಕೂತಿಲ್ಲ. ಅದೇ ಮೂಲೆಯಲ್ಲಿ ಉಳಿದರೆ ಆಕ್ಸಲ್ ಅಥವಾ ಚಾಸಿ ಡೊಂಕು.

ತಿರುಚಿದ ಚಾಸಿಯನ್ನು, ಬಣ್ಣ ಹಚ್ಚುವ ಮೊದಲು, 60ರಿಂದ 70 ಡಿಗ್ರಿಯ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿ, ಸಪಾಟು ಟೈಲ್ಸಿನ ಮೇಲೆ ಒತ್ತಿ ಹಿಡಿದು ತಣ್ಣೀರು ಸುರಿಯಿರಿ. ಪಾಲಿಸ್ಟೈರೀನ್ ತನ್ನ ಗಟ್ಟಿತನ ಬಿಡುವುದು 100 ಡಿಗ್ರಿಯ ಆಸುಪಾಸಿನಲ್ಲಿ; ಕುದಿಯುವ ನೀರಿಗೆ ಹಾಕಿದರೆ ನೆಟ್ಟಗಾಗುವ ಬದಲು ಹಪ್ಪಳದಂತೆ ಮುದುರುತ್ತದೆ. ಒಂದೆರಡು ಸಲಕ್ಕೂ ಬಗ್ಗದಿದ್ದರೆ ಬಿಟ್ಟುಬಿಡಿ, ಮುರಿಯುವವರೆಗೆ ಪ್ರಯತ್ನಿಸಬೇಡಿ. ಬಣ್ಣವಾದ ಮೇಲೆ ಕಂಡ ದೋಷವಾದರೆ ಆ ಮೂಲೆಯ ಆಕ್ಸಲ್ ತೂತನ್ನು ಅಷ್ಟಿಷ್ಟು ಉದ್ದ ಮಾಡಿ, ಕಾರನ್ನು ಕನ್ನಡಿಯ ಮೇಲೆ ನಿಲ್ಲಿಸಿಯೇ ಅಂಟು ಹಾಕಿ.

ಟಯರ್ ಮಡ್‌ಗಾರ್ಡಿಗೆ ಉಜ್ಜುತ್ತಿದ್ದರೆ ಎಷ್ಟು ತಗ್ಗಿಸಿದಿರಿ ಎಂದು ಲೆಕ್ಕ ಹಾಕಿ. ಮಾದರಿಯಲ್ಲಿ 2 ಮಿಲಿಮೀಟರ್ ತಗ್ಗಿಸಿದರೆ ನಿಜವಾದ ಕಾರನ್ನು 48 ಮಿಲಿಮೀಟರ್ ತಗ್ಗಿಸಿದಂತೆ, ಅದು ಸಣ್ಣ ಬದಲಾವಣೆಯಲ್ಲ. ಮಡ್‌ಗಾರ್ಡಿನ ಒಳಮೈಯನ್ನು ಹೊರಗಿನಿಂದ ಕಾಣದಷ್ಟು ಉಜ್ಜಿ ತೆಳ್ಳಗೆ ಮಾಡಿದರೆ ಬಹುಪಾಲು ಜಾಗ ಸಿಗುತ್ತದೆ. ಬೆಳಕಿಗೆ ಹಿಡಿದಾಗ ಪ್ಲಾಸ್ಟಿಕ್ಕಿನೊಳಗಿಂದ ಬೆಳಕು ತೂರಿಬಂದರೆ ಉಜ್ಜುವುದನ್ನು ನಿಲ್ಲಿಸಿ, ಚಕ್ರವನ್ನೇ ಒಳಕ್ಕೆ ಸರಿಸಬೇಕು.

ಕಪಾಟಿನಲ್ಲಿಟ್ಟ ಕಾರಿನ ಚಕ್ರ ಟಯರಿಗೆ ಅಂಟಿಕೊಂಡು ಕರಗಿದೆ

ಎಲ್ಲಕ್ಕಿಂತ ತಡವಾಗಿ, ಕೆಲವೊಮ್ಮೆ ವರ್ಷಗಳ ನಂತರ ಕಾಣುವ ದೋಷ ಇದು. ಹಳೆಯ ಕಿಟ್ಟುಗಳ ಮೆತ್ತನೆಯ ವಿನೈಲ್ ಟಯರಿನಲ್ಲಿ ಅದನ್ನು ಮೆತುವಾಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ಪಾಲಿಸ್ಟೈರೀನ್ ರಿಮ್ಮನ್ನು ತಿನ್ನುತ್ತದೆ. ಪೆಟ್ಟಿಗೆಯೊಳಗೇ ಟಯರ್ ಗಾಜಿನ ಭಾಗಗಳಿಗೆ ತಾಗಿಕೊಂಡಿದ್ದರೆ ಗಾಜಿನ ಮೇಲೆ ಟಯರಿನ ಗೀರುಗಳು ಅಚ್ಚೊತ್ತಿದಂತೆ ಬೀಳುತ್ತವೆ. ಹಾಗೆ ತಿಂದುಹೋದ ಗಾಜನ್ನು ಉಳಿಸಲು ಬರುವುದಿಲ್ಲ. ತೆಳುವಾದ ಪಾರದರ್ಶಕ ಹಾಳೆಯಿಂದ ಹೊಸದಾಗಿ ಕತ್ತರಿಸಿಕೊಳ್ಳಬೇಕು.

ಹಳೆಯ ಕಿಟ್ ಕೈಗೆ ಬಂದ ದಿನವೇ ಟಯರುಗಳನ್ನು ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಡಿ. ಜೋಡಿಸುವಾಗ ರಿಮ್ಮಿನ ಸುತ್ತ, ಟಯರ್ ತಾಗುವ ಜಾಗಕ್ಕೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದು ತೆಳು ಪಟ್ಟಿ ಸುತ್ತಿ. ಒತ್ತಿ ಹಿಡಿದು ಟಯರ್ ಏರಿಸಿದರೆ ಪಟ್ಟಿ ಹೊರಗೆ ಕಾಣುವುದಿಲ್ಲ. ಅಂಚು ಇಣುಕಿದರೆ ಹೊಸ ಬ್ಲೇಡಿನಿಂದ ಕತ್ತರಿಸಿಬಿಡಿ.